ಒಂದಾನೊಂದು ಕಟ್ಟಡ

ಅವಳು ಕಪಾಟಿನಲ್ಲಿದ್ದ ಕಬ್ಬಿಣದ ಅಚ್ಚುಗಳನ್ನು ಇನ್ನೊಮ್ಮೆ ಎಣಿಸಿದಳು. ಹದಿನೆಂಟಕ್ಕೆ ಹದಿನೆಂಟೂ ಇದ್ದವು. ಹೋದ ವಾರ ತಾನೇ ಒಳಮೈಗೆ ಸವರಿದ್ದ ಎಣ್ಣೆಯ ಮೇಲೆ ತೆಳ್ಳನೆ ಧೂಳು ಕೂತಿತ್ತು. ಯಾರೂ ಮುಟ್ಟಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕಿಟಕಿಯಾಚೆ ಮಿಕ್ಸರ್ ಬೆಳಗಿನಿಂದ ಗೊರಗೊರ ಅನ್ನುತ್ತಿತ್ತು. ವಿಶ್ವವಿದ್ಯಾಲಯದ ಹೊಸ ಮೆಸ್ಸಿಗೆ ಇವತ್ತು ಸ್ಲ್ಯಾಬ್. ಇಲ್ಲಿ ಯಾವ ಕಟ್ಟಡಕ್ಕೆ ಸ್ಲ್ಯಾಬ್ ಹಾಕಿದರೂ ಅದೇ ಕಾಂಕ್ರೀಟನ್ನು ಒಂದಿಷ್ಟು ತೆಗೆದು ಲ್ಯಾಬಿನ ಈ ಅಚ್ಚುಗಳಿಗೆ ತುಂಬಬೇಕು, ಹಸಿಯಿರುವಾಗಲೇ ಮೊಳೆಯಲ್ಲಿ ತಾರೀಖು ಗೀರಬೇಕು, ಮಾರನೆಯ ದಿನ ಅಚ್ಚು ಬಿಚ್ಚಿ ಕ್ಯೂಬುಗಳನ್ನು ಲ್ಯಾಬಿನ ನೀರಿನ ಟ್ಯಾಂಕಿನಲ್ಲಿ ಮುಳುಗಿಸಬೇಕು. ಇಪ್ಪತ್ತೆಂಟನೆಯ ದಿನ ಅವನ್ನು ಮೆಷಿನ್ನಿನಲ್ಲಿಟ್ಟು ಒಡೆಯುತ್ತಾರೆ. ಕ್ಯೂಬು ಎಷ್ಟು ಭಾರ ತಡೆಯಿತೋ ಸ್ಲ್ಯಾಬೂ ಅಷ್ಟು ತಡೆಯುತ್ತದೆ ಎಂದು ನಂಬಿಕೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಚುಕಿದ ಹಾಗೆ.

"ಅಣ್ಣಾ, ಮೆಸ್ಸು ಕಟ್ಟೋರು ಅಚ್ಚು ತಗೊಂಡು ಹೋಗೇ ಇಲ್ಲ," ಎಂದಳು.

ಕ್ಯೂಬು ಒಡೆಯುವ ಮೆಷಿನ್ ನಡೆಸುವವನು ಸ್ಟೂಲಿನ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದ. ಎಲ್ಲರಿಗೂ ಅವನು ಮೆಷಿನ್ ಅಣ್ಣ. "ಬರ್ತಾರೆ ಬಿಡು ಟ್ಯಾಂಕಮ್ಮ. ಹೊಟ್ಟೆ ಹಸಿದವನೇ ಸುಮ್ಮನಿದ್ದಾನೆ, ಬಡಿಸೋಳಿಗೇನು ಅವಸರ?"

ಟ್ಯಾಂಕಮ್ಮ ಅನ್ನುವ ಹೆಸರು ಅವನೇ ಇಟ್ಟದ್ದು. ಅಪ್ಪ ಸತ್ತ ವರ್ಷ ಏಳನೇ ತರಗತಿಗೆ ಓದು ಬಿಟ್ಟು, ನಾಲ್ಕು ವರ್ಷ ಮೆಸ್ಸಿನಲ್ಲಿ ಅಮ್ಮನ ಜೊತೆ ಪಾತ್ರೆ ತೊಳೆದು, ಆಮೇಲೆ ಈ ಲ್ಯಾಬಿಗೆ ಬಂದವಳು ಅವಳು. ಟ್ಯಾಂಕಿಗೆ ನೀರು ಬಿಡುವುದು, ಕ್ಯೂಬು ಒರೆಸುವುದು, ಅಚ್ಚು ಕೊಟ್ಟು ವಾಪಸ್ ಪಡೆಯುವುದು ಅವಳ ಕೆಲಸ. ಮಾತು ಕಡಿಮೆ, ನೋಡುವುದು ಹೆಚ್ಚು. ಅಚ್ಚು ಯಾರಿಗೆ ಹೋಯಿತು ಬಂತು ಎಂದು ಪುಸ್ತಕದಲ್ಲಿ ಬರೆಯುವವನು ಮಾತ್ರ ಮೆಷಿನ್ ಅಣ್ಣ. ಅವಳ ಅಕ್ಷರ ಕೋಳಿ ಕೆದರಿದ ಹಾಗೆ ಇದೆ ಎಂದು ಅವನೇ ಬರೆದು, ಶನಿವಾರ ಪುಟದ ಕೆಳಗೆ ಅವಳ ಸಹಿ ಹಾಕಿಸಿಕೊಳ್ಳುತ್ತಿದ್ದ. ಎಷ್ಟೋ ಸಲ ಪುಟ ಅರ್ಧ ಖಾಲಿಯಿರುತ್ತಿತ್ತು. "ಹಾಕಮ್ಮ, ಮಿಕ್ಕಿದ್ದು ನಾನು ತುಂಬಿಸ್ತೀನಿ," ಅನ್ನುತ್ತಿದ್ದ. ಅವಳು ನಾಲಿಗೆಯ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಸಹಿ ಹಾಕುತ್ತಿದ್ದಳು.

ಮಧ್ಯಾಹ್ನ ಅಮ್ಮನಿಗೆ ಬೀಗದ ಕೈ ಕೊಡಲು ಹೋಗುವಾಗ ಅವಳು ಸ್ಲ್ಯಾಬಿನ ಕೆಲಸ ನಡೆಯುವಲ್ಲಿ ಸ್ವಲ್ಪ ಹೊತ್ತು ನಿಂತಳು. ಜಲ್ಲಿಯ ರಾಶಿ ಕಂದು ಬಣ್ಣಕ್ಕಿತ್ತು. ಒಂದು ಚೂರು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಕೈಯನ್ನು ಸೀರೆಗೆ ಒರೆಸಿಕೊಂಡು ಹೊರಟಳು.

ಮೂರನೆಯ ದಿನ ಕಂಟ್ರಾಕ್ಟರ್ ಕಡೆಯವನು ಬಂದ. ಬೇಸಿಗೆ ಚಳಿ ಎನ್ನದೆ ಬಿಳಿ ಟೋಪಿ ಹಾಕುವ ಮನುಷ್ಯ. ಅವನ ಆಳು ಮೂರು ಕ್ಯೂಬುಗಳನ್ನು ಟ್ಯಾಂಕಿನ ಅಂಚಿಗೆ ಇಳಿಸಿದ. ಮೂರರ ಮೇಲೂ ಸ್ಲ್ಯಾಬ್ ಹಾಕಿದ ದಿನದ ತಾರೀಖು. ಮುದ್ದಾದ ಅಂಕಿಗಳು, ಅವಸರವಿಲ್ಲದೆ ನೆರಳಲ್ಲಿ ಕೂತು ಗೀರಿದ್ದು.

"ಯಾವ ಅಚ್ಚಲ್ಲಿ ಹಾಕಿದ್ರಿ?" ಅವಳು ಕೇಳಿದ್ದು ತನಗೇ ಕೇಳಿಸಲಿಲ್ಲ.

"ಏನಂದೆ?"

"ಏನಿಲ್ಲ."

ಕ್ಯೂಬುಗಳನ್ನು ನೀರಿಗಿಳಿಸಿದಳು. ಇಪ್ಪತ್ತೈದು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ನೀರು ಒಂದು ಬೆರಳು ಇಳಿಯಲೂ ಬಿಡಲಿಲ್ಲ. ಕೆಲಸ ಅಂದರೆ ಕೆಲಸ.

ಒಡೆಯುವ ದಿನ ಮೆಷಿನ್ ಅಣ್ಣ ಸನ್ನೆಕೋಲು ಎಳೆದ. ಮುಳ್ಳು ಏರುತ್ತಾ ಹೋಯಿತು. ಇಪ್ಪತ್ತೈದು ಬಂದರೆ ಸಾಕಿತ್ತು. ಅದು ಮೂವತ್ತೆಂಟು ದಾಟಿದ ಮೇಲೆ ಕ್ಯೂಬು ಢಬ್ಬೆಂದು ಬಾಯಿ ಬಿಟ್ಟಿತು. ಟೋಪಿಯವನು ಹಾಲು ಕುಡಿದ ಬೆಕ್ಕಿನ ಹಾಗೆ ಕಣ್ಣು ಕಿರಿದು ಮಾಡಿದ. ಅವಳು ಚೂರುಗಳನ್ನು ಬಾಚಿ ಬಕೆಟ್ಟಿಗೆ ತುಂಬುತ್ತಾ ಒಂದನ್ನು ತಿರುಗಿಸಿ ನೋಡಿದಳು. ಒಳಗಿದ್ದದ್ದು ಕಪ್ಪು ಕಲ್ಲಿನ ಜಲ್ಲಿ, ನೀಲಿ ಬಣ್ಣಕ್ಕೆ ಹೊಳೆಯುವಂಥದ್ದು, ಉಕ್ಕಿನಂಥದ್ದು. ಕಂದು ಬಣ್ಣದ ಒಂದು ಚೂರೂ ಇರಲಿಲ್ಲ.

ಅಗುಳು ಬೇರೆ ಪಾತ್ರೆಯದು.

ಲ್ಯಾಬಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾರ್ ಅನ್ನುತ್ತಿದ್ದರು. ಅವರು ಬಾಗಿಲಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಾ ವರದಿಗೆ ಸಹಿ ಹಾಕಿ ಹೋದರು. ಅವಳು ಒಂದು ಚೂರನ್ನು ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದಳು.

ಮನೆಯಲ್ಲಿ ಅಮ್ಮ ಆ ದಿನ ಖುಷಿಯಿಂದ ಹಾರಾಡುತ್ತಿದ್ದಳು. ಹೊಸ ಮೆಸ್ಸಿನ ಅಡುಗೆಯವರ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. "ಎಂಟು ಕಿಟಕಿ ಇದೆಯಂತೆ ಕಣೇ! ಹೊಗೆ ಹೋಗೋಕೆ ದೊಡ್ಡ ಫ್ಯಾನು. ತಾರಸಿ ಮೇಲೇ ನೀರಿನ ಟ್ಯಾಂಕು, ಒಲೆ ಪಕ್ಕದಲ್ಲೇ ನಲ್ಲಿ. ಇಪ್ಪತ್ತು ವರ್ಷ ಬಕೆಟ್ ಹೊತ್ತು ಹೊತ್ತು ಈ ಭುಜ ನನ್ನದಾ ಕತ್ತೇದಾ ಗೊತ್ತಾಗ್ತಿರಲಿಲ್ಲ."

"ಕತ್ತೇದೇ ಅಮ್ಮ, ಅನುಮಾನ ಯಾಕೆ?" ಎಂದ ತಮ್ಮ, ಪುಸ್ತಕದಿಂದ ತಲೆಯೆತ್ತದೆ. ಅಮ್ಮ ಸೌಟಿನಿಂದ ಅವನ ಬೆನ್ನಿಗೊಂದು ಕೊಟ್ಟಳು.

ತಮ್ಮನದು ಅದೇ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗಿನ ಕೊನೆಯ ವರ್ಷ. ಕಾಲೇಜಿನಲ್ಲಿ ಅಕ್ಕ ಎದುರಾದರೆ ಅವನು ತಲೆ ಮಾತ್ರ ಅಲ್ಲಾಡಿಸುತ್ತಿದ್ದ. ಅವಳೂ ಅಷ್ಟೇ ಸಾಕು ಅಂದುಕೊಂಡಿದ್ದಳು. ಆ ವರ್ಷ ಅವನ ತರಗತಿಗೊಂದು ಹೊಸ ವಿಷಯವಿತ್ತು, ಎಂಜಿನಿಯರ್ ಆದವನ ನೀತಿ ಅನ್ನುವುದು. ನೀತಿ ಪಿರಿಯಡ್ ಅಂದರೆ ನಿದ್ದೆ ಪಿರಿಯಡ್ ಎಂದು ಹುಡುಗರು ನಗುತ್ತಿದ್ದರು. ಲ್ಯಾಬಿಗೂ ಆ ತರಗತಿಗೂ ನಡುವೆ ಅರ್ಧ ಗೋಡೆ, ಮೇಲೆ ಬರೀ ಪ್ಲೈವುಡ್. ಕ್ಯೂಬು ಒರೆಸುತ್ತಾ ಅವಳು ಇಡೀ ಪಾಠ ಕೇಳುತ್ತಿದ್ದಳು. ನೀತಿ ಮೇಷ್ಟ್ರು ಪ್ರತಿ ವಾರವೂ ನಾಲ್ಕು ಮೆಟ್ಟಿಲು ಹೇಳುತ್ತಿದ್ದರು. ತಪ್ಪು ಕಂಡರೆ ಮೊದಲು ಬರೆದಿಡಿ. ಆಮೇಲೆ ನಿಮ್ಮ ಮೇಲಿನವರಿಗೆ ತಿಳಿಸಿ. ಅವರು ಕೇಳದಿದ್ದರೆ ಅವರ ಮೇಲಿನವರಿಗೆ. ಅಲ್ಲೂ ಆಗದಿದ್ದರೆ ಹೊರಗಿನವರಿಗೆ, ಯಾಕೆಂದರೆ ಜನರ ಜೀವಕ್ಕಿಂತ ನಿಮ್ಮ ಕುರ್ಚಿ ದೊಡ್ಡದಲ್ಲ. ಆಚೆ ಕಡೆ ಅರವತ್ತು ಜನ ಆಕಳಿಸುತ್ತಿದ್ದರು. ಈಚೆ ಕಡೆ ಒಬ್ಬಳು ತುಟಿಯಲ್ಲೇ ಹೇಳಿಕೊಂಡು ಬಾಯಿಪಾಠ ಮಾಡಿಕೊಂಡಿದ್ದಳು.

"ಅಕ್ಕ, ನಿನ್ನ ಲ್ಯಾಬಲ್ಲಿ ಏನಾದ್ರೂ ಗೋಲ್‌ಮಾಲ್ ನಡೆಯುತ್ತಾ?" ಅಮ್ಮ ಬಟ್ಟೆ ಒಣಗಿಸಲು ಹೋದಾಗ ತಮ್ಮ ಕೇಳಿದ. "ನೀತಿ ಮೇಷ್ಟ್ರು ಪ್ರಬಂಧ ಕೇಳಿದ್ದಾರೆ. ಕಂಡ ತಪ್ಪೊಂದನ್ನ ಬರೀಬೇಕು, ನಾನಾಗಿದ್ರೆ ಏನು ಮಾಡ್ತಿದ್ದೆ ಅಂತ ಹೇಳಬೇಕು. ನನಗೆ ಕಾಪಿ ಹೊಡೆಯೋದು ಬಿಟ್ರೆ ಬೇರೆ ತಪ್ಪೇ ಕಂಡಿಲ್ಲ."

ಅವಳು ಡಬ್ಬಿ ತೆಗೆದು ಕಲ್ಲಿನ ಚೂರನ್ನು ಅವನ ಪುಸ್ತಕದ ಮೇಲಿಟ್ಟಳು. ಅಚ್ಚಿನ ಮೇಲಿನ ಧೂಳಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಅಷ್ಟು ಉದ್ದ ಅವಳು ಮಾತಾಡಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಅವನ ನಗು ಮೆಲ್ಲಗೆ ಇಳಿಯಿತು.

"ಅಕ್ಕ, ಇದು ಅಮ್ಮನ ಮೆಸ್ಸು."

"ಅದಕ್ಕೇ ಹೇಳ್ತಿರೋದು. ನೀನು ಬರಿ. ನಿನಗೆ ಬರೆಯೋಕೆ ಬರುತ್ತೆ."

ಹತ್ತು ದಿನ ಅವನು ಬರೆದ. ಅವಳು ಚಹಾ ಮಾಡಿಕೊಟ್ಟಳು. ಟೈಪ್ ಮಾಡಿ, ರಟ್ಟು ಹಾಕಿಸಿ ತಂದಾಗ ಅದನ್ನು ಕೈಯಲ್ಲಿ ಹಿಡಿದು ತೂಕ ನೋಡಿದಳು. ಅಕ್ಷರಗಳು ಇರುವೆ ಸಾಲಿನ ಹಾಗಿದ್ದವು, ಪದಗಳೋ ಮೊಳದುದ್ದ.

"ಎಲ್ಲಾ ಬರೆದ್ಯಾ?"

"ಎಲ್ಲಾ."

"ಅಚ್ಚು? ಜಲ್ಲಿ?"

"ಧೂಳನ್ನೂ ಬಿಟ್ಟಿಲ್ಲ ಅಕ್ಕ."

ಅವಳಿಗೆ ಎಷ್ಟೋ ದಿನಗಳ ನಂತರ ಒಳ್ಳೆಯ ನಿದ್ದೆ ಬಂತು. ವಿಶ್ವವಿದ್ಯಾಲಯಕ್ಕೆ ಬರೆದು ಕೊಟ್ಟದ್ದು ವಿಶ್ವವಿದ್ಯಾಲಯಕ್ಕೆ ತಿಳಿಸಿದ ಹಾಗೆಯೇ ಎಂದು ಅವಳು ಅಂದುಕೊಂಡಿದ್ದಳು. ಒಂದು ಮೆಟ್ಟಿಲು ಆಯಿತು, ಎರಡೂ ಆದ ಹಾಗೆ. ಇನ್ನು ಯಾರಾದರೂ ಬರುತ್ತಾರೆ. ಸ್ಲ್ಯಾಬನ್ನು ಕೊರೆದು ನೋಡುವ ಯಂತ್ರ ತರುತ್ತಾರೆ.

ಯಾರೂ ಬರಲಿಲ್ಲ. ಮೊದಲ ವಾರ ಹೋಯಿತು, ಎರಡನೆಯದೂ. ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳನ್ನು ತೆಗೆದರು. ಕಿಟಕಿಗಳಿಗೆ ಗಾಜು ಬಂತು. ತಮ್ಮನಿಗೆ ಪ್ರಬಂಧದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು. ಅದನ್ನು ಅವನು ಹೇಳಿದ್ದು ಅಮ್ಮನಿಗೆ, ಅಕ್ಕ ಹೊರಗಿದ್ದಾಗ.

ಕೊನೆಗೆ ಅವಳೇ ನೀತಿ ಮೇಷ್ಟ್ರ ಹತ್ತಿರ ಹೋದಳು. ಅವರಿಗೆ ಕೋಣೆಯಿರಲಿಲ್ಲ. ಮೆಟ್ಟಿಲ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಒಂದರ ಕಾಲು ಮುರಿದಿತ್ತು. ಅವಳು ಮೂರು ಸಲ ಮುಂದೆ ಹಾದುಹೋಗಿ ನಾಲ್ಕನೆಯ ಸಲ ನಿಂತಳು.

"ಸಾರ್, ನಮ್ಮ ತಮ್ಮನ ಪ್ರಬಂಧ ಓದಿದ್ರಾ?"

"ಓಹೋ, ಅವನ ಅಕ್ಕನಾ ನೀನು? ಬಹಳ ಚೆನ್ನಾಗಿತ್ತಮ್ಮ. ಹನ್ನೆರಡು ವರ್ಷದಿಂದ ಈ ಪಾಠ ಮಾಡ್ತಿದ್ದೀನಿ, ಅಂಥದ್ದು ಓದಿಲ್ಲ. ಆ ಅಚ್ಚಿನ ಮೇಲೆ ಧೂಳು ಕೂತಿರುತ್ತಲ್ಲ, ಎಂಥಾ ಕಲ್ಪನೆ!"

"ಕಲ್ಪನೆ ಅಲ್ಲ ಸಾರ್."

ಮೇಷ್ಟ್ರು ಕನ್ನಡಕ ತೆಗೆದರು.

"ಅದು ನಮ್ಮ ಹೊಸ ಮೆಸ್ಸು ಸಾರ್. ಬರೆದಿಲ್ವಾ ಅವನು?"

"ಒಂದು ಊರಿನ ಒಂದು ಕಟ್ಟಡ ಅಂತ ಬರೆದಿದ್ದಾನೆ." ಅವರ ದನಿ ಇಳಿಯಿತು. "ಹೆಸರು ಹಾಕಬಾರದು ಅಂತ ನಾನೇ ನಿಯಮ ಮಾಡಿರೋದು. ಸಾಬೀತಾಗದೆ ಯಾರ ಮೇಲೂ ಕೆಸರು ಎರಚಬಾರದು ನೋಡು. ಅದೂ ನೀತಿನೇ."

ಮೇಷ್ಟ್ರು ಮೇಜಿನ ಮೇಲಿದ್ದ ಪೆನ್ನುಗಳನ್ನು ಒಂದೇ ಸಾಲಿಗೆ ಜೋಡಿಸಿದರು, ಮತ್ತೆ ಕೆಡಿಸಿದರು.

"ನಿಮಗೀಗ ಗೊತ್ತಾಯ್ತಲ್ಲ ಸಾರ್."

"ಗೊತ್ತಾಯ್ತು ಅಂದ್ರೆ... ಕೇಳಿದ್ದು ಬೇರೆ, ಗೊತ್ತಾಗೋದು ಬೇರೆ ಅಲ್ವಾ? ಇಲ್ಲ ಅಂತ ನಾನು ಹೇಳ್ತಿಲ್ಲ, ಹೌದು ಅಂತಾನೂ ಹೇಳೋಕಾಗಲ್ಲ." ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅವರು ಆಚೀಚೆ ನೋಡಿದರು. "ನನ್ನ ಕೆಲಸ ವರ್ಷ ವರ್ಷ ನವೀಕರಣ ಆಗಬೇಕಮ್ಮ. ಅದಕ್ಕೆ ಸಹಿ ಹಾಕೋದು ನಿಮ್ಮ ದೊಡ್ಡ ಸಾರೇ. ನೀನು ಮೊದಲು ನಿನ್ನ ಮೇಲಿನವರಿಗೆ ತಿಳಿಸು. ಕ್ರಮ ಅಂತ ಒಂದಿದೆ."

"ಎರಡನೇ ಮೆಟ್ಟಿಲು," ಎಂದಳು ಅವಳು.

ಮೇಷ್ಟ್ರು ಬೆಚ್ಚಿ ಅವಳ ಮುಖ ನೋಡಿದರು. ಹನ್ನೆರಡು ವರ್ಷದಲ್ಲಿ ಒಬ್ಬರಾದರೂ ಪಾಠ ಕೇಳಿಸಿಕೊಂಡಿದ್ದರೆಂದು ಅವರಿಗೆ ಗೊತ್ತಾದದ್ದು ಆಗ.

ದೊಡ್ಡ ಸಾರ್ ಕೋಣೆಗೆ ಅವಳು ಅದುವರೆಗೆ ಹೋಗಿದ್ದು ನೆಲ ಒರೆಸಲು ಮಾತ್ರ. ಬರಿಗೈಯಲ್ಲಿ ನಿಲ್ಲುವುದು ಹೇಗೆಂದೇ ತಿಳಿಯಲಿಲ್ಲ. ಅಚ್ಚು, ಜಲ್ಲಿ, ಕ್ಯೂಬು ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. ಪೂರ್ತಿ ಕೇಳಿದರು, ತಾವೇ ಎದ್ದು ಹೋಗಿ ಅಚ್ಚಿನ ಪುಸ್ತಕ ತಂದು ಅವಳ ಮುಂದೆ ಬಿಡಿಸಿದರು.

"ಓದು."

ಮೆಷಿನ್ ಅಣ್ಣನ ದುಂಡು ಅಕ್ಷರ. ಮೆಸ್ಸಿನ ಸ್ಲ್ಯಾಬಿಗೆ ಅಚ್ಚು ಮೂರು, ಕೊಟ್ಟಿದೆ. ಅಚ್ಚು ಮೂರು, ವಾಪಸ್ ಬಂದಿದೆ. ಪುಟದ ಕೆಳಗೆ ಕೋಳಿ ಕೆದರಿದ ಹಾಗೆ ಅವಳ ಸಹಿ.

"ಇದು ಯಾರದಮ್ಮ?"

"ನಂದು."

"ಹಾಗಿದ್ರೆ ಅಚ್ಚು ಕೊಟ್ಟೋಳು ನೀನು. ಕೊಟ್ಟಿಲ್ಲ ಅಂದ್ರೆ ಸುಳ್ಳು ಸಹಿ ಹಾಕಿದೋಳೂ ನೀನೇ. ಎರಡರಲ್ಲಿ ಒಂದು ಹೇಳು, ಅದನ್ನೇ ಮೇಲಕ್ಕೆ ಬರೀತೀನಿ."

ಅವರು ಪುಸ್ತಕ ಮುಚ್ಚಿದರು. "ನಿನ್ನ ತಮ್ಮನ ಪ್ರಾಜೆಕ್ಟಿಗೆ ನಾನೇ ಗೈಡು, ಗೊತ್ತಲ್ಲ? ಜಾಣ ಹುಡುಗ. ಮುಂದಿನ ತಿಂಗಳು ಅವನ ಕೊನೇ ಪರೀಕ್ಷೆ." ಅಷ್ಟು ಹೇಳಿ, ಮಗಳಿಗೆ ಹೇಳುವ ಹಾಗೆ ಸೇರಿಸಿದರು: "ಹೋಗು, ಟ್ಯಾಂಕಿನ ನೀರು ಬದಲಾಯಿಸು. ಪಾಚಿ ಕಟ್ಟಿದೆ."

ಪಾಚಿ ಕಟ್ಟಿರಲಿಲ್ಲ. ಆದರೂ ಅವಳು ನೀರು ಬದಲಾಯಿಸಿದಳು.

"ಅಣ್ಣಾ, ನೀನ್ಯಾಕೆ ಹಾಗೆ ಬರೆದೆ?" ಎಂದು ಕೇಳಿದಳು. ಮೆಷಿನ್ ಅಣ್ಣ ಪೇಪರಿನ ಹಿಂದಿನಿಂದಲೇ ಉತ್ತರಿಸಿದ. "ಬರಿ ಅಂದ್ರು, ಬರೆದೆ. ನನಗೆ ಮೂರು ಮಕ್ಕಳು ಟ್ಯಾಂಕಮ್ಮ." ಪುಟ ತಿರುಗಿಸಿ ಅಂದ, "ನಿನಗೆ ಮಕ್ಕಳಿಲ್ಲ, ಅದಕ್ಕೇ ಇಷ್ಟು ನೆನಪಿರುತ್ತೆ."

ಸಂಜೆ ತಮ್ಮನ ಮುಂದೆ ಕೂತಳು. ಕಲ್ಲಿನ ಚೂರನ್ನು ಮತ್ತೆ ಅವನ ಪುಸ್ತಕದ ಮೇಲಿಟ್ಟಳು. ಅವನಿಗೇ ತಡೆಯಲಾಗಲಿಲ್ಲ.

"ಹೆಸರು ಹಾಕಬಾರದು ಅಂತ ನಿಯಮ ಇತ್ತಕ್ಕ! ಹಾಕಿದ್ರೆ ಸೊನ್ನೆ ಕೊಡ್ತಿದ್ರು. ಹಾಕಿ ದೊಡ್ಡ ಸಾರ್ ಕೈಗೆ ಸಿಕ್ಕಿದ್ರೆ ನಾಲ್ಕು ವರ್ಷ ನೀರುಪಾಲು. ನೀನು ಪಾತ್ರೆ ತೊಳೆದಿದ್ದೂ ನೀರುಪಾಲು."

"ನೀನಾಗಿದ್ರೆ ಏನು ಮಾಡ್ತಿದ್ದೆ ಅಂತ ಬರೆದಿದ್ದೀಯಾ?"

ಅವನು ತಲೆ ತಗ್ಗಿಸಿದ. "ಕಟ್ಟಡ ತೆರೆಯೋದನ್ನ ನಿಲ್ಲಿಸ್ತಿದ್ದೆ ಅಂತ. ನನ್ನ ಕೆಲಸ ಹೋದ್ರೂ ಸರಿ ಅಂತ."

"ಚೆನ್ನಾಗಿದೆ," ಎಂದಳು ಅವಳು. ಕೊಂಕು ಅವಳಿಗೆ ಬರುತ್ತಿರಲಿಲ್ಲ. ನಿಜವಾಗಿಯೂ ಚೆನ್ನಾಗಿದೆ ಅನ್ನಿಸಿತ್ತು. ಅವನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅವನ ಭುಜ ಅಲುಗುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಅವಳು ಎದ್ದು ಹೋಗಲಿಲ್ಲ.

ಉಳಿದದ್ದು ಅಮ್ಮ. ಅಮ್ಮನಿಗೆ ಹೇಳಿದರೆ ಅವಳು ಮೊದಲು ನಕ್ಕಳು. ಆಮೇಲೆ ಕಲ್ಲಿನ ಚೂರನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದಳು.

"ಹಳೇ ಮೆಸ್ಸು ಒಡೆದು ಹಾಕ್ತಿದ್ದಾರೆ. ಹೊಸದಕ್ಕೆ ಹೋಗಲ್ಲ ಅಂದ್ರೆ ಮನೇಲಿ ಕೂರು ಅಂತಾರೆ. ಕೂತು ಏನು ಬೇಯಿಸ್ಲಿ, ಈ ಕಲ್ಲನ್ನಾ?" ಚೂರನ್ನು ಮಗಳ ಕೈಗೆ ವಾಪಸ್ ಕೊಟ್ಟಳು. "ಅಷ್ಟು ಜನ ಓದಿದೋರು ಇದ್ದಾರೆ ಕಣೇ. ಬೀಳೋ ಹಾಗಿದ್ರೆ ಒಬ್ಬರಾದ್ರೂ ಹೇಳ್ತಿರಲಿಲ್ವಾ?"

ಮಗಳು ಚೂರನ್ನು ಮತ್ತೆ ಡಬ್ಬಿಗೆ ಹಾಕಿದಳು. ಹೊರಗಿನವರಿಗೆ ತಿಳಿಸಬೇಕೆಂಬ ಕೊನೆಯ ಮೆಟ್ಟಿಲು ಅವಳಿಗೆ ನೆನಪಿತ್ತು. ಮೂರನೆಯದಕ್ಕೆ ದೊಡ್ಡ ಸಾರೇ ಅಡ್ಡ ನಿಂತಿದ್ದರು, ಹೊರಗಿನವರು ಅನ್ನುವವರೋ ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಒಂದು ದಿನ ರಜೆ ಹಾಕಿ ಪೇಟೆಯಲ್ಲಿ ಕಟ್ಟಡಗಳ ಲೆಕ್ಕ ನೋಡುವ ಸರ್ಕಾರಿ ಕಚೇರಿಗೆ ಹೋದಳು. ಅಲ್ಲಿಯ ಗುಮಾಸ್ತ ಲಿಖಿತ ದೂರು ಕೇಳಿದ. ಬೆಂಚಿನ ಮೇಲೆ ಕೂತು ಅವಳು ಒಂದು ಪುಟ ಬರೆದಳು. ಗುಮಾಸ್ತ ಅದನ್ನು ಓರೆಯಾಗಿ ಹಿಡಿದು ನೋಡಿ, "ಲ್ಯಾಬ್ ವರದಿ ಜೊತೆಗಿಡಿ," ಎಂದ. ಲ್ಯಾಬ್ ವರದಿಯಲ್ಲಿ ಮೂವತ್ತೆಂಟು ಎಂದಿತ್ತು.

ಹೊಸ ಮೆಸ್ಸು ತೆರೆಯಿತು. ಒಲೆಗಳ ಮೇಲೆ, ಸ್ಲ್ಯಾಬಿನ ಜೊತೆಗೇ ಹಾಕಿದ ಕಾಂಕ್ರೀಟ್ ತೊಲೆಯೊಂದು ಹಾದು ಉಗ್ರಾಣದೊಳಗೆ ಹೋಗುತ್ತಿತ್ತು. ಉಗ್ರಾಣದ ಅಟ್ಟಕ್ಕೆ ಹತ್ತಿದರೆ ಅದು ಕೈಗೆ ಸಿಗುತ್ತಿತ್ತು. ಆರನೆಯ ದಿನ ಅಲ್ಲಿ ಅವಳು ಬಿರುಕನ್ನು ಕಂಡಳು. ಕೂದಲೆಳೆಯಷ್ಟು ಸಣ್ಣದು, ಗೇಣುದ್ದ. ಅದರ ತುದಿಗೆ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಳು. ಅಂಕಿ ಬರೆಯುವುದು ಅವಳಿಗೆ ಕಷ್ಟವಿರಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಅಟ್ಟ ಹತ್ತಿದಳು. ಬಿರುಕು ಗೆರೆ ದಾಟಿ ಎರಡು ಬೆರಳು ಹೋಗಿತ್ತು. ಇನ್ನೊಂದು ಗೆರೆ, ಇನ್ನೊಂದು ತಾರೀಖು. ಮೇಲಿನ ಟ್ಯಾಂಕಿಗೆ ನೀರು ತುಂಬಿದ ದಿನ ನಾಲ್ಕು ಬೆರಳು. ಹದಿನಾಲ್ಕು ಗೆರೆಗಳಾದವು. ಕೆಳಗೆ ಅಮ್ಮ ಹಬೆಯಲ್ಲಿ ನಿಂತು ಸೌಟು ತಿರುಗಿಸುತ್ತಾ ಯಾರನ್ನೋ ಗದರುತ್ತಿದ್ದಳು. ಅಮ್ಮನ ತಲೆಯ ನಡು ಬೈತಲೆ ಮೇಲಿನಿಂದ ಬೆಳ್ಳಗೆ ಕಾಣುತ್ತಿತ್ತು.

ಗೆರೆಗಳನ್ನು ಅವಳು ತಮ್ಮನಿಗೆ ತೋರಿಸಿದಳು. ಅವನು ಅಟ್ಟದ ಮೇಲೆ ಮಂಡಿಯೂರಿ ಒಂದೊಂದನ್ನೇ ನೋಡಿದ. "ಹೇಳ್ತೀನಕ್ಕ," ಎಂದ. "ಪರೀಕ್ಷೆ ಮುಗಿದ ಮರುದಿನ ಹೇಳ್ತೀನಿ. ಆಣೆ." ಪರೀಕ್ಷೆ ಮುಗಿಯಿತು. ಮರುದಿನ ಅವನಿಗೆ ತಿಳಿದದ್ದು ಇಷ್ಟು: ಕೊನೆಯ ವರ್ಷದವರಿಗೆ ಹೊಸ ಮೆಸ್ಸಿನಲ್ಲಿ ಬೀಳ್ಕೊಡುಗೆ ಊಟ, ಊಟಕ್ಕೆ ಮೊದಲು ಬಹುಮಾನಗಳು, ನೀತಿ ಪ್ರಬಂಧದ ಬಹುಮಾನ ಅವನಿಗೆ.

ಬಹುಮಾನ ಕೊಟ್ಟವರು ದೊಡ್ಡ ಸಾರ್. ನೀತಿ ಮೇಷ್ಟ್ರು ಪ್ರಬಂಧದ ಒಂದು ಭಾಗ ಓದಿದರು. ಓದುವಾಗ ಅವರು ಒಮ್ಮೆಯೂ ತಲೆಯೆತ್ತಲಿಲ್ಲ. ಒಂದಾನೊಂದು ಊರಿನ ಒಂದಾನೊಂದು ಕಟ್ಟಡ. ಇನ್ನೂರೈವತ್ತು ಜನ ಚಪ್ಪಾಳೆ ತಟ್ಟಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವಳು ಉಗ್ರಾಣಕ್ಕೆ ಹೋದಳು. ಅಟ್ಟ ಹತ್ತಿದರೆ ತೊಲೆ ಬೆಳ್ಳಗೆ ನುಣ್ಣಗೆ ಹೊಳೆಯುತ್ತಿತ್ತು. ಸಮಾರಂಭಕ್ಕೆಂದು ಬೆಳಿಗ್ಗೆ ಗಿಲಾವು ಮೆತ್ತಿ ಬಣ್ಣ ಬಳಿದಿದ್ದರು. ಹದಿನಾಲ್ಕು ಗೆರೆಗಳಲ್ಲಿ ಒಂದೂ ಇರಲಿಲ್ಲ. ಬಿರುಕೂ ಕಾಣಲಿಲ್ಲ.

ತಮ್ಮ ಹಿಂದೆಯೇ ಏಣಿ ಹತ್ತಿ ಬಂದ, ಬಹುಮಾನದ ಫಲಕವನ್ನು ಕಂಕುಳಲ್ಲಿ ಇರುಕಿಕೊಂಡು. ತೊಲೆ ನೋಡಿದ. ಅವನ ಮುಖದಲ್ಲಿ ಮೊದಲು ಹೆದರಿಕೆ ಕಂಡಿತು, ಆಮೇಲೆ ಅದಕ್ಕಿಂತ ಕೆಟ್ಟದ್ದು, ನಿರಾಳ.

"ನೋಡಕ್ಕ," ಎಂದ ಮೆಲ್ಲಗೆ. "ಸರಿ ಮಾಡಿದ್ದಾರೆ. ಎಲ್ಲಿದೆ ಬಿರುಕು? ನಾನಿನ್ನು ಏನಂತ ಹೇಳಲಿ?"

ಅವಳು ಬಣ್ಣದ ಮೇಲೆ ಬೆರಳಿಟ್ಟಳು. ಇನ್ನೂ ಹಸಿಯಾಗಿತ್ತು. ಪೆನ್ಸಿಲ್ ಹಿಡಿದುಕೊಂಡಿದ್ದಳು, ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಯಲಿಲ್ಲ. ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಇಳಿದಳು.

ಕೆಳಗೆ ಅಮ್ಮ ಒಬ್ಬಳೇ ಮೂರು ಒಲೆ ನೋಡುತ್ತಿದ್ದಳು. "ಬಾರೇ, ಆ ಮುಚ್ಚಳ ಹಿಡ್ಕೋ. ಕೈ ಖಾಲಿ ಇಟ್ಕೊಂಡು ಮೇಲೇನು ನೋಡ್ತಿದ್ದೆ?"

"ಏನಿಲ್ಲಮ್ಮ," ಎಂದು ಅವಳು ಮುಚ್ಚಳ ಹಿಡಿದು, ತೊಲೆಯ ಕೆಳಗೆ, ಅಮ್ಮನಿಗೆ ಭುಜ ತಾಗುವಷ್ಟು ಹತ್ತಿರ ನಿಂತುಕೊಂಡಳು.